ಕಾರಿನ ಹೊಟ್ಟೆಯ ಎರಡು ತಗಡು

ಕಾರಿನ ಹೊಟ್ಟೆಗೆ ತಗಡು ಬೇಕೋ ಬೇಡವೋ ಎಂದು ಇಬ್ಬರು ಗಂಡಸರು ನನ್ನ ತಲೆಯ ಮೇಲೆ ನಿಂತು ಹದಿನೈದು ದಿನ ಜಗಳಾಡಿದರು. ನಾನು ಕೆಳಗೆ ಗುಂಡಿಯಲ್ಲಿದ್ದೆ. ಆ ತಗಡನ್ನು ಕೆರೆದು ತೊಳೆಯುವವಳು ನಾನು. ನನ್ನನ್ನು ಒಬ್ಬರೂ ಕೇಳಲಿಲ್ಲ. ಕೇಳದಿದ್ದುದಕ್ಕೆ ನನಗೆ ಸಿಟ್ಟಿತ್ತು. ಕೇಳಿದ ಮೇಲೆ ಸಿಟ್ಟು ಹೋಯಿತು, ಅದರ ಜಾಗಕ್ಕೆ ಬೇರೆಯದು ಬಂದು ಕೂತಿತು.

ಅರವತ್ತನೆಯ ಇಸವಿಯ ಆಚೀಚೆ ಇರಬೇಕು. ಗೋಳಗುಮ್ಮಟದ ದಾರಿಯಲ್ಲಿ ಒಂದು ಗ್ಯಾರೇಜು. ನೆಲದಲ್ಲಿ ಎದೆಮಟ್ಟದ ಗುಂಡಿ. ಗಾಡಿಯನ್ನು ಅದರ ಮೇಲೆ ತಂದು ನಿಲ್ಲಿಸಿದರೆ ನಾನು ಕೆಳಗಿಳಿದು ಕುರ್ಪಿಯಿಂದ ಎರೆಮಣ್ಣು ಕೆರೆಯುತ್ತಿದ್ದೆ, ಆಮೇಲೆ ಸೀಮೆಎಣ್ಣೆಯಲ್ಲಿ ಒರೆಸುತ್ತಿದ್ದೆ. ಗಾಡಿಯ ಮೇಲ್ಭಾಗದ ಬಣ್ಣ ಯಾವುದು ಎಂದು ಕೇಳಿದರೆ ನನಗೆ ಹೇಳಲು ಬರುತ್ತಿರಲಿಲ್ಲ. ಕೆಳಭಾಗ ತೋರಿಸಿದರೆ ಯಾರ ಗಾಡಿ ಎಂದು ಹೇಳುತ್ತಿದ್ದೆ.

ಆ ಕಾರು ಒಬ್ಬ ಲೇಡಿ ಡಾಕ್ಟರರದು, ನಾವೆಲ್ಲ ಅವರನ್ನು ಬಾಯಿಯವರು ಎನ್ನುತ್ತಿದ್ದೆವು. ಹಳೆಯ ವಿಲಾಯತಿ ಕಾರು, ಎತ್ತರದ್ದು. ಬಾಯಿಯವರು ತಿಕೋಟಾ, ಬಬಲೇಶ್ವರದ ಕಡೆಯ ಹಳ್ಳಿಗಳಿಗೆ ಹೆರಿಗೆ ಮಾಡಿಸಲು ಹೋಗುತ್ತಿದ್ದರು. ಅವರು ಮೆಟ್ಟಿಲಿನಿಂದ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಎಲುಬು ಕೂಡಿತು, ಆದರೆ ಎಡಗಾಲನ್ನು ಒಂದು ಗೇಣಿಗಿಂತ ಮೇಲೆ ಎತ್ತಲು ಆಗದಾಯಿತು. ಕಾರು ಹತ್ತಬೇಕಾದರೆ ಡ್ರೈವರ್ ಎತ್ತಿ ಕೂರಿಸಬೇಕು. ಅದು ಅವರಿಗೆ ಸರಿಬರಲಿಲ್ಲ. ನಮ್ಮ ಗ್ಯಾರೇಜಿನ ಮೇಸ್ತ್ರಿಯ ಮುಂದೆ ಬಂದು ನಿಂತು, "ನನ್ನ ಕಾಲ ಎತ್ತರ ಆಗಂಗಿಲ್ಲ. ಕಾರ ಗಿಡ್ಡ ಮಾಡು" ಎಂದರು.

ಮೇಸ್ತ್ರಿ ಎರಡು ದಿನ ತೆಗೆದುಕೊಂಡ. ಗಾಲಿಯ ಅಚ್ಚಿನ ಅಡಿಯ ಕಮಾನು ಎಂದರೆ ಒಂದರ ಮೇಲೊಂದು ಕೂಡಿಸಿ ಬಿಗಿದ ಉಕ್ಕಿನ ಪಟ್ಟಿಗಳು. ಹಿಂದಿನ ಕಮಾನುಗಳಿಂದ ಎರಡೆರಡು, ಮುಂದಿನವುಗಳಿಂದ ಒಂದೊಂದು ಪಟ್ಟಿ ತೆಗೆದ. ಕಮಾನಿಗೂ ಅಚ್ಚಿಗೂ ನಡುವೆ ಕಬ್ಬಿಣದ ತುಂಡು ಕೊಟ್ಟು ಬಿಗಿದ. ಇಳಿಸುವ ಮೊದಲು ಕಾರಿನ ಕೆಳಗೆ ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಕಾರನ್ನು ದೂಡಿದ್ದೆವು, ತಾಕದೆ ಹಾದಿತ್ತು. ಇಳಿಸಿದ ಮೇಲೆ ದೂಡಿದರೆ ಇಟ್ಟಿಗೆ ಟಣ್ ಎಂದು ಬಿತ್ತು. ಅಡ್ಡ ಮಗ್ಗುಲಾಗಿ ಇಟ್ಟಾಗ ಮಾತ್ರ ಕಾರು ಹಾದುಹೋಯಿತು. ಬಾಯಿಯವರು ಬಂದು ತಾವೇ ಬಾಗಿಲು ತೆಗೆದು, ತಾವೇ ಮುಂದಿನ ಸೀಟಿನಲ್ಲಿ ಕೂತು, ಮೂರು ಸಲ ಹತ್ತಿ ಮೂರು ಸಲ ಇಳಿದರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅಂದೇ.

ಜಗಳ ಶುರುವಾದದ್ದು ಅವರು ಹೋದ ಮೇಲೆ. ಎಂಜಿನ್ನಿನ ಅಡಿಗೆ ತಗಡು ಇತ್ತು. ಇಬ್ಬರೂ ಅದನ್ನು ಒಂದೇ ಎಂಬಂತೆ 'ತಗಡು, ತಗಡು' ಎನ್ನುತ್ತಿದ್ದರು. ಇದ್ದದ್ದು ಎರಡು. ಮುಂದಿನದು ಎಂಟು ಬೋಲ್ಟಿನದು, ಎಂಜಿನ್ ಎಣ್ಣೆ ನಿಲ್ಲುವ ಚೇಂಬರನ್ನು ಕಾಯುತ್ತದೆ. ಹಿಂದಿನದು ಆರು ಬೋಲ್ಟಿನದು, ಗೇರಿನ ಡಬ್ಬಿಯ ಅಡಿಗೆ ಬರುತ್ತದೆ. ಅದರ ಮೇಲೆಯೇ ಹೊಗೆಯ ಪೈಪು ತಿರುವು ತೆಗೆದುಕೊಳ್ಳುತ್ತದೆ, ಪಕ್ಕದಲ್ಲಿ ಬೆರಳಿನಷ್ಟು ದಪ್ಪದ ಪೆಟ್ರೋಲಿನ ಪೈಪು.

ಡ್ರೈವರ್ ಹಿಂದೆ ಮಿಲಿಟರಿಯಲ್ಲಿ ಟ್ರಕ್ ಹೊಡೆದವನು. ಅದನ್ನು ಮರೆಯಲು ಯಾರಿಗೂ ಬಿಡುತ್ತಿರಲಿಲ್ಲ.

"ತಗಡ ಬಿಚ್ಚಿ ಒಗಿ ಮೇಸ್ತ್ರಿ. ಎರಡ ಬೆರಳ ಜಾಗಾ ಸಿಗ್ತದ. ಬರ್ಮಾದಾಗ ನಾವು ತಗಡಿಲ್ದನ ಹೊಡದೇವಿ."

"ಬರ್ಮಾದಾಗ ಸರಕಾರದ ಗಾಡಿ ಇತ್ತು. ಒಡದ್ರ ಸರಕಾರ ಇನ್ನೊಂದ ಕೊಡ್ತಿತ್ತು. ಈ ಚೇಂಬರ್ ತತ್ತಿ ಸಿಪ್ಪಿ ಇದ್ದಂಗ ಐತಿ. ಕಲ್ಲ ಬಡೀತಂದ್ರ ನಡು ಹಾದ್ಯಾಗ ಕುಂದರ್ತೀ."

"ಕಲ್ಲ ತಪ್ಪಸಾಕ ನನಗ ಕಣ್ಣ ಅದಾವು."

"ಹೌದೌದು. ಮೊನ್ನಿ ನನ್ನ ಸೈಕಲ್ ಮ್ಯಾಲೆ ಹಾಯಿಸಿದ್ದು ಅವೇ ಕಣ್ಣೇನಪಾ?"

ಮೇಸ್ತ್ರಿಯೇ ಗೆದ್ದ. ಎರಡೂ ತಗಡುಗಳ ಸಮೇತ ಕಾರು ಬಬಲೇಶ್ವರಕ್ಕೆ ಹೋಯಿತು.

ಕಡಲೆ ಕೀಳುವ ಕಾಲ ಅದು. ನಮ್ಮ ಕಡೆ ರೈತರು ಒಣಗಿದ ಗಿಡಗಳನ್ನು ತಂದು ರಸ್ತೆಗೆ ಹಾಸುತ್ತಾರೆ. ಬಸ್ಸು, ಲಾರಿ, ಎತ್ತಿನ ಚಕ್ಕಡಿ ಅದರ ಮೇಲೆ ಹಾಯ್ದರೆ ಕಾಳು ಉದುರುತ್ತದೆ. ಯಾವುದೇ ಗಾಡಿ ಪಕ್ಕಕ್ಕೆ ಸರಿದು ಹೋದರೆ ಬೈಯುತ್ತಾರೆ. ಸಾರವಾಡದ ಹತ್ತಿರ ಕಡಲೆ ಹಾಸಿದವನೊಬ್ಬನ ಹೆಂಡತಿಗೆ ಬಾಯಿಯವರೇ ಹೆರಿಗೆ ಮಾಡಿಸಿದ್ದರಂತೆ. ಅವನು ಕೈಮುಗಿದು ಅಡ್ಡ ನಿಂತ. ಬಾಯಿಯವರು ಡ್ರೈವರ್‌ಗೆ, "ಹಾಯಿಸೋ, ಅವರ ಕಾಳ ಉದರ್ಲಿ" ಎಂದರು. ಒಂದು ಸಲವಲ್ಲ, ಹಿಂದೆ ಮುಂದೆ ನಾಲ್ಕು ಸಲ ಹಾಯಿಸಿದನಂತೆ. ಎತ್ತರದ ಕಾರಿದ್ದಾಗ ಅದರಿಂದ ಏನೂ ಆಗುತ್ತಿರಲಿಲ್ಲ.

ಮರುದಿನ ನಾನು ಗುಂಡಿಗೆ ಇಳಿದು ನೋಡಿದರೆ ಹಿಂದಿನ ತಗಡಿನ ಮೇಲೆ ಕಡಲೆ ಹೊಟ್ಟು ತಲೆದಿಂಬಿನಂತೆ ಒತ್ತಿ ತುಂಬಿತ್ತು. ಎಣ್ಣೆಯಲ್ಲಿ ನೆನೆದಿತ್ತು. ಕುರ್ಪಿ ಹಾಕಿ ಎಳೆದೆ. ಹೊಗೆಯ ಪೈಪಿನ ತಿರುವಿನ ಅಡಿಯಲ್ಲಿದ್ದ ಮುಷ್ಟಿಯಷ್ಟು ಹೊಟ್ಟು ಕರಕಲಾಗಿತ್ತು. ಕೈಯಲ್ಲಿ ಹಿಡಿದರೆ ಪುಡಿಯಾಯಿತು. ಪೆಟ್ರೋಲಿನ ಪೈಪು ಅಲ್ಲಿಂದ ನಾಲ್ಕು ಬೆರಳು ದೂರ.

ಮೇಲೆ ಹತ್ತಿ ಅದನ್ನು ಮೇಸ್ತ್ರಿಗೆ ತೋರಿಸಿದೆ. "ಇದು ಸುಟ್ಟದ, ನೋಡ್ರಿ."

"ನಿನ್ನ ಬೀಡಿ ಬಿದ್ದಿರಬೇಕ ಬೇ."

"ನಾ ತಂಬಾಕ ತಿಂತೇನಿ, ಬೀಡಿ ಸೇದಂಗಿಲ್ಲ. ಎಂಟ ವರ್ಷಾತು ನೋಡಾಕತ್ತೀರಿ."

ಅವನು ಕೈಯಲ್ಲಿದ್ದುದನ್ನು ಊದಿ ಹಾರಿಸಿ ಹೋದ. ಆದರೆ ಡ್ರೈವರ್ ಕೇಳಿಸಿಕೊಂಡಿದ್ದ. ಮಧ್ಯಾಹ್ನ ಮೇಸ್ತ್ರಿ ಊಟಕ್ಕೆ ಹೋದಾಗ ಎರಡೂ ತಗಡುಗಳನ್ನು ಬಿಚ್ಚಿ ಗೋಡೆಗೆ ನಿಲ್ಲಿಸಿದ. ಹಾಗೆಯೇ ತಿಕೋಟಾಕ್ಕೆ ಹೋಗಿ ಬಂದ. ನಾನು ಗುಂಡಿಗೆ ಇಳಿದೆ. ಹೊಟ್ಟು ಎಲ್ಲಿಯೂ ಇಲ್ಲ. ಆದರೆ ಚೇಂಬರಿನ ಮೂತಿಯಲ್ಲಿ ಹೆಬ್ಬೆರಳು ಒತ್ತಿದಂಥ ಹೊಳೆಯುವ ತಗ್ಗು, ಅದರ ಸುತ್ತ ಎಣ್ಣೆಯ ಬೆವರು. ಇನ್ನೊಂದು ಏಟು ಬಿದ್ದಿದ್ದರೆ ಒಡೆಯುತ್ತಿತ್ತು.

ಇದನ್ನು ನೋಡಿದ ಮೇಸ್ತ್ರಿ ಗೆದ್ದವನಂತೆ ಕುಣಿದ. ಚೇಂಬರಿಗೆ ತೇಪೆ ಹಾಕಿ ಎರಡೂ ತಗಡುಗಳನ್ನು ಮತ್ತೆ ಬಿಗಿದ. ನಾನು ಗುಂಡಿಯಲ್ಲಿ ನಿಂತು ಬೋಲ್ಟು ಕೊಡುತ್ತಾ ಎರಡು ತಗಡನ್ನೂ ನೋಡಿದೆ. ಮುಂದಿನದರ ಅಡಿಯಲ್ಲಿ ಕಲ್ಲಿನ ಗೀರುಗಳು ಬೇಕಾದಷ್ಟು. ಹಿಂದಿನದರ ಅಡಿಯಲ್ಲಿ ಒಂದೂ ಇರಲಿಲ್ಲ. ಹೊಟ್ಟು ತುಂಬಿದ್ದು ಮಾತ್ರ ಹಿಂದಿನದರಲ್ಲಿ. ಕಲ್ಲಿನಿಂದ ಕಾಯುವುದು ಮುಂದಿನದು, ಬೆಂಕಿ ಸಾಕುವುದು ಹಿಂದಿನದು. ಮಾತು ನಾಲಿಗೆಯ ತುದಿಯಲ್ಲಿತ್ತು. ಬೀಡಿಯ ಮಾತು ನೆನಪಾಯಿತು. ಇನ್ನೊಂದು ಬೋಲ್ಟು ಎತ್ತಿ ಕೊಟ್ಟೆ.

ಮೂರು ದಿನದ ಮೇಲೆ ಬೆಳಿಗ್ಗೆ ಬಾಯಿಯವರೇ ಕಾರಿನಲ್ಲಿ ಗ್ಯಾರೇಜಿಗೆ ಬಂದರು, ಗಾಲಿಗೆ ಗಾಳಿ ತುಂಬಿಸಲು. ಕಳ್ಳಕವಟಗಿಯಿಂದ ಮನುಷ್ಯ ಬಂದಿದ್ದನಂತೆ. ಒಬ್ಬಳು ಎರಡು ದಿನದಿಂದ ಬೇನೆ ತಿನ್ನುತ್ತಿದ್ದಾಳೆ, ಕೂಸಿನ ಕೈ ಮೊದಲು ಹೊರಗೆ ಬಂದಿದೆ. ಬಾಯಿಯವರ ಆಯಾಳಿಗೆ ಅಂದು ಜ್ವರ. ಅವರು ಗ್ಯಾರೇಜಿನ ಸುತ್ತ ಕಣ್ಣು ಹಾಯಿಸಿ ನನ್ನ ಮೇಲೆ ನಿಲ್ಲಿಸಿದರು.

"ನೀ ಹಡದೀಯೇನು?"

"ಮೂರ ಹಡದೇನ್ರಿ."

"ಕೈ ತೊಳ್ಕೊಂಡ ಹತ್ತು."

ಕೈ ತೊಳೆದೆ, ಹಿಂದಿನ ಸೀಟಿನಲ್ಲಿ ಕೂತೆ. ಕುರ್ಪಿ ಸೊಂಟದಲ್ಲೇ ಉಳಿದಿತ್ತು. ಕಾರಿನೊಳಗೆ ಕೂತದ್ದು ಅದೇ ಮೊದಲು. ಬೇರೆಯವರಾಗಿದ್ದರೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ನಾನು ಕಾಲ ಕೆಳಗಿನ ಹಲಗೆಯನ್ನೇ ನೋಡುತ್ತಿದ್ದೆ. ಅದರ ಅಡಿಯಲ್ಲಿ ಏನಿದೆ ಎಂಬುದು ನನಗೆ ಗೊತ್ತಿತ್ತು.

ಊರು ದಾಟಿ ಐದಾರು ಮೈಲಿ ಹೋಗುವುದರೊಳಗೆ ಕಡಲೆ ಬಂತು. ರಸ್ತೆಯ ಅಗಲಕ್ಕೂ ಹಾಸಿದ್ದರು, ಸರಿದು ಹೋಗಲು ಜಾಗವಿರಲಿಲ್ಲ. ಅಡಿಯಲ್ಲಿ ಬರಬರ ಎಂದು ಸದ್ದು. ನಿಂತ ಹೆಂಗಸರು ಕೈ ಬೀಸಿ, "ಮೆಲ್ಲಕ ಹಾಯಿಸ್ರೀ, ಮೆಲ್ಲಕ!" ಎಂದು ಕೂಗಿದರು. ಒಂದು ಹಾಸು ಮುಗಿಯುವುದರೊಳಗೆ ಇನ್ನೊಂದು. ಆಮೇಲೆ ಬರಿಯ ರಸ್ತೆ ಬಂತು. ಡ್ರೈವರ್ ಜೋರು ಮಾಡಿದ.

ಆಗ ನನಗೆ ವಾಸನೆ ಬಂತು. ಎಣ್ಣೆ ಮತ್ತು ಕಡಲೆ ಹೊಟ್ಟು ಕೂಡಿ ಸುಟ್ಟ ವಾಸನೆ. ನಾನು ಕೂಡಲೇ ಕೂಗಲಿಲ್ಲ, ಇದನ್ನು ಮುಚ್ಚಿಡುವುದಿಲ್ಲ. ತಪ್ಪಾದರೆ ಬಾಯಿಯವರ ಹೊತ್ತು ಹಾಳಾಗುತ್ತದೆ, ಅಲ್ಲಿ ಒಬ್ಬಳು ಸಾಯುತ್ತಾಳೆ, ದೂರು ನನ್ನ ಮೇಲೆ ಬರುತ್ತದೆ ಎಂದು ತುಟಿ ಕಚ್ಚಿ ಕೂತೆ. ಎರಡು ಫರ್ಲಾಂಗು ಹಾಗೆಯೇ ಹೋದೆವು. ಅಂಗಾಲಿಗೆ ಬಿಸಿ ತಾಕಿತು.

"ಸುಟ್ಟ ವಾಸನಿ ಬರಾಕತ್ತದ್ರಿ" ಎಂದೆ.

"ಹೊಲದಾಗ ಯಾರೋ ದಂಟ ಸುಡಾಕತ್ತಾರ" ಎಂದ ಡ್ರೈವರ್.

"ಹೊಲದಾಗಲ್ಲೋ! ನಮ್ಮ ಬುಡಕ! ನಿಲ್ಲಸು!"

ನಿಲ್ಲಿಸಿದ. ನಿಲ್ಲಿಸಿದ ಕೂಡಲೇ ಎರಡೂ ಕಡೆಯಿಂದ ಬಿಳಿ ಹೊಗೆ ಮೇಲೆದ್ದಿತು. ಓಡುವಾಗ ಅದು ಹಿಂದೆ ಹೋಗುತ್ತಿತ್ತು, ಕಂಡಿರಲಿಲ್ಲ. ಬಾಯಿಯವರು ಒಂದೇ ಏಟಿಗೆ ಕಾಲು ಹೊರಗಿಟ್ಟು ಇಳಿದರು. ಮೊದಲಿನ ಎತ್ತರದ ಕಾರಾಗಿದ್ದರೆ ಅಷ್ಟು ಬೇಗ ಇಳಿಯುತ್ತಿರಲಿಲ್ಲ.

ಅಡಿಗೆ ಹೋಗಬೇಕು. ಹೇಗೆ ಹೋಗುವುದು? ಗಿಡ್ಡ ಮಾಡಿದ ಕಾರಿನ ಕೆಳಗೆ ನನ್ನ ತಲೆಯೂ ಹಿಡಿಯುತ್ತಿರಲಿಲ್ಲ. ಡ್ರೈವರ್ ಜಾಕ್ ತಂದ. ಜಾಕ್ ಹಳೆಯ ಎತ್ತರದ ಕಾರಿನದು, ಅದೂ ಅಡಿಗೆ ಹೋಗಲಿಲ್ಲ. ಗಿಡ್ಡ ಮಾಡಿದ ದಿನ ಅದನ್ನು ಯಾರೂ ಇಟ್ಟು ನೋಡಿರಲಿಲ್ಲ. ರಸ್ತೆಯ ಬದಿಗೆ ಮಳೆನೀರಿನ ತಗ್ಗು ಇತ್ತು. "ಎಡಗಾಲಿ ಅಂಚಿಗೆ ಬರೂ ಹಂಗ ದೂಡ್ರಿ" ಎಂದೆ. ಡ್ರೈವರ್ ದೂಡಿದ, ಬಾಯಿಯವರೂ ಭುಜ ಕೊಟ್ಟರು. ನಾನು ತಗ್ಗಿನಲ್ಲಿ ಮಲಗಿ ಪಕ್ಕದಿಂದ ಕೈ ಮತ್ತು ತಲೆ ಒಳಗೆ ಹಾಕಿದೆ.

ಜ್ವಾಲೆ ಇರಲಿಲ್ಲ. ಕೆಂಪಗೆ ನುಂಗುತ್ತಾ ಬರುವ ಕೆಂಡ. ಪೆಟ್ರೋಲಿನ ಪೈಪಿಗೆ ಎರಡು ಬೆರಳೂ ಉಳಿದಿರಲಿಲ್ಲ. ಡ್ರೈವರ್ ನೀರಿನ ಕ್ಯಾನು ತಂದ. "ನೀರ ಬ್ಯಾಡ, ಮಣ್ಣ ಕೊಡು!" ಎಂದೆ. ಬಿಸಿ ಪೈಪಿಗೆ ನೀರು ಬಿದ್ದರೆ ಒಡೆಯುತ್ತದೆ ಎಂದು ಮೇಸ್ತ್ರಿ ಹೇಳಿದ್ದು ಕಿವಿಯಲ್ಲಿತ್ತು. ಕುರ್ಪಿಯಿಂದ ಎಳೆದೆ, ಎಳೆದಷ್ಟೂ ಗಾಳಿ ಸಿಕ್ಕಿ ಅದು ಕೆಂಪಾಯಿತು. ಬಾಯಿಯವರು ಸೆರಗಿನಲ್ಲಿ ಮಣ್ಣು ತಂದು ತಂದು ಕೊಟ್ಟರು. ನಾನು ಮಣ್ಣು ತೂರಿದೆ, ಮತ್ತೆ ಎಳೆದೆ. ಮುಂಗೈ ಪೈಪಿಗೆ ಹತ್ತಿ ಚರ್ಮ ಅಲ್ಲೇ ಉಳಿಯಿತು. ಆ ಗುರುತು ಈಗಲೂ ಇದೆ. ಬೆಂಕಿಗಿಂತ ನನಗೆ ಹೆದರಿಕೆಯಾದದ್ದು, ಎಲ್ಲಾದರೂ ಒಂದು ಹನಿ ಪೆಟ್ರೋಲು ತೊಟ್ಟಿಕ್ಕುವ ಸದ್ದು ಕೇಳುತ್ತದೆಯೋ ಎಂದು.

ಆರಿತು. ಹೊರಗೆ ಬಂದು ಕೂತೆ. ಡ್ರೈವರ್ ಬೋಲ್ಟು ಬಿಚ್ಚುವ ಪಾನಾ ತೆಗೆದು, "ಎರಡೂ ಬಿಚ್ಚಿ ಒಗೀತೀನಿ" ಎಂದ. ಬಾಯಿಯವರು ಅವನಿಗೆ ಕೈ ಅಡ್ಡ ಮಾಡಿ ನನ್ನ ಕಡೆ ತಿರುಗಿದರು.

"ದಿನಾ ಅದರ ಬುಡಕ ಇರಾಕಿ ನೀನು. ನೀ ಹೇಳು. ತಗಡ ಬೇಕೋ ಬ್ಯಾಡೋ?"

ಮುಂದೆ ತಿಕೋಟಾದಾಚೆ ಚಕ್ಕಡಿ ದಾರಿ. ಎರಡು ಗಾಲಿಯ ತಗ್ಗು, ನಡುವೆ ದಿಬ್ಬ, ದಿಬ್ಬದಲ್ಲಿ ಕಲ್ಲು. ತಿರುಗಿ ಬರುವಾಗ ಇದೇ ಕಡಲೆ. ಒಂದು ಮಾತು ಹೇಳಿದರೆ ಅದು ನನ್ನ ಮಾತಾಗುತ್ತದೆ. ಹೇಳದಿದ್ದರೂ ಆ ಹೆಂಗಸು ಕಾಯುವುದಿಲ್ಲ.

"ಮುಂದಿಂದ ಇರ್ಲಿ. ಹಿಂದಿಂದ ಬಿಚ್ಚರಿ" ಎಂದೆ. "ಹಿಂದಿಂದಕ್ಕ ಕಲ್ಲ ಬಡದದ್ದ ನಾ ಎಂದೂ ನೋಡಿಲ್ಲ."

"ಮಿಲಿಟ್ರಿಯಾಗ..." ಎಂದ ಡ್ರೈವರ್.

"ನಿನ್ನ ಮಿಲಿಟ್ರಿ ಆಮ್ಯಾಲೆ ಹೇಳು. ಬಿಚ್ಚು" ಎಂದರು ಬಾಯಿಯವರು.

ಬೋಲ್ಟುಗಳು ಕಾಯ್ದಿದ್ದವು. ತಗ್ಗಿನಿಂದಲೇ ಕೈ ಹಾಕಿ, ಒದ್ದೆ ಗೋಣಿ ಹಿಡಿದು ಆರನ್ನೂ ಬಿಚ್ಚಿ ತಗಡನ್ನು ಡಿಕ್ಕಿಯಲ್ಲಿ ಹಾಕಿದೆವು. ಚಕ್ಕಡಿ ದಾರಿಯಲ್ಲಿ ಮುಂದಿನ ತಗಡಿಗೆ ಕಲ್ಲು ಬಡಿದಾಗಲೆಲ್ಲ ನನ್ನ ಹಲ್ಲಿಗೇ ಬಡಿದಂತಾಗುತ್ತಿತ್ತು. ಹಿಂದೆ ಏನೂ ತಾಕಲಿಲ್ಲ. ಕಳ್ಳಕವಟಗಿ ಮುಟ್ಟಿದೆವು. ನಾನು ಹೇಳಿದ್ದು ಸರಿಯಾಯಿತು ಎಂದುಕೊಂಡೆ.

ಮನೆಯೊಳಗೆ ಬಾಯಿಯವರು ಕೊಳವೆ ಹಚ್ಚಿ ಹೊಟ್ಟೆಗೆ ಕಿವಿಗೊಟ್ಟು ಬಹಳ ಹೊತ್ತು ಕೂತರು. ಕೂಸು ಹೋಗಿದೆ ಎಂದರು. ತಾಯಿಯನ್ನು ನಮ್ಮ ಊರಿನ ಆಸ್ಪತ್ರೆಗೆ ಒಯ್ದು ಕೊಯ್ಯಬೇಕು, ಸಂಜೆಯೊಳಗೆ ಮುಟ್ಟದಿದ್ದರೆ ಇವಳೂ ಉಳಿಯುವುದಿಲ್ಲ ಎಂದರು. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ತಲೆ ನನ್ನ ತೊಡೆಯ ಮೇಲೆ. ಬಾಯಿಯವರು ಮುಂದೆ ಕೂರಲಿಲ್ಲ, ಅವಳ ಕಾಲ ಬಳಿ ಹಿಂದೆಯೇ ಕೂತರು. ಅವಳ ಅತ್ತೆ ಬಟ್ಟೆಯ ಗಂಟು ಹಿಡಿದು ಮುಂದಿನ ಬಾಗಿಲಿಗೆ ಬಂದಳು.

"ಯಕ್ಕಾ, ನೀ ಬರಬ್ಯಾಡ. ಭಾರ ಆದ್ರ ಕಾರ ನೆಲಕ್ಕ ಹತ್ತತದ" ಎಂದೆ.

"ನನ್ನ ಸೊಸಿ ಆಕಿ! ನೀ ಯಾರ ಬೇ ನನಗ ಹೇಳಾಕಿ?"

"ಕಾರ ತೊಳ್ಯಾಕಿ. ನೀ ಹತ್ತಿದ್ರ ನಿನ್ನ ಸೊಸಿ ಮುಟ್ಟಂಗಿಲ್ಲ. ಹತ್ತತಿದ್ರ ಹತ್ತು."

ಅವಳು ನನಗೆ ಶಾಪ ಹಾಕುತ್ತಾ ನಿಂತಳು. ಹತ್ತಲಿಲ್ಲ.

ಬರುವಾಗಿನ ದಾರಿ ಅದೇ, ಆದರೆ ಕಾರು ಅದಲ್ಲ. ಅದು ನನಗೆ ಎರಡನೆಯ ದಿಬ್ಬದಲ್ಲಿ ತಿಳಿಯಿತು. ಬಾಯಿಯವರು ಯಾವಾಗಲೂ ಮುಂದೆ ಕೂರುವವರು. ನಾನು ಇಷ್ಟು ದಿನ ಕೆರೆದದ್ದು ಹಿಂದೆ ಆಯಾ ಒಬ್ಬಳ ಹೊರತು ಯಾರೂ ಕೂರದ ಕಾರಿನ ಹೊಟ್ಟೆಯನ್ನು. ಗೀರಿಲ್ಲ, ಗೀರಿಲ್ಲ ಎಂದು ಹೇಳಿದೆನಲ್ಲ, ಗೀರು ಹೇಗೆ ಬರಬೇಕು? ಈಗ ಹಿಂದೆ ಮೂವರು ಹೆಂಗಸರು. ಹಿಂಭಾಗ ಕುಸಿದು ಕೂತಿತ್ತು. ಪಟ್ಟಿ ತೆಗೆದ ಕಮಾನು ಮೇಲೇಳುತ್ತಿರಲಿಲ್ಲ. ನಿಲ್ಲಿಸಿ ತಗಡು ಕಟ್ಟೋಣವೆಂದರೆ ಅರ್ಧ ಗಂಟೆ ಬೇಕು. ಮುಂದೆ ಕಡಲೆಯ ಹಾಸು. ತೊಡೆಯ ಮೇಲಿನ ತಲೆ ತಣ್ಣಗಾಗುತ್ತಿತ್ತು. ನಾನು ಬಾಯಿ ತೆರೆಯಲಿಲ್ಲ.

ತಿಕೋಟಾ ದೂರದಲ್ಲಿ ಕಾಣತೊಡಗಿದಾಗ ಬಡಿಯಿತು. ಮುಂದೆ ಅಲ್ಲ. ನನ್ನ ಕಾಲ ಕೆಳಗೆ. ಟಣ್ ಎಂಬ ಸದ್ದಲ್ಲ, ಕಬ್ಬು ಮುರಿದಂತೆ ಒಂದು ಮೆತ್ತಗಿನ ಸದ್ದು. ಬಾಯಿಯವರು ನನ್ನ ಮುಖ ನೋಡಿದರು. ನಾನು ತೊಡೆಯ ಮೇಲಿನ ಮುಖ ನೋಡಿದೆ. ಪೆಟ್ರೋಲಿನ ವಾಸನೆ ಬರುತ್ತದೆಯೇ ಎಂದು ಮೂಗು ಅರಳಿಸಿ ಕೂತೆ. ಬರಲಿಲ್ಲ. ಆದರೆ ಮುಂದೆ ಪ್ರತಿ ಏರಿನಲ್ಲೂ ಕಾರು ಕೆಮ್ಮಿತು. ಡ್ರೈವರ್, "ಪೆಟ್ರೋಲ ಮ್ಯಾಲ ಬರವಲ್ದು, ಏನಾಗೇದೋ!" ಎಂದು ಬೈಯುತ್ತಾ ಎರಡನೆಯ ಗೇರಿನಲ್ಲೇ ಎಳೆದ. ಕಡಲೆಯ ಹಾಸುಗಳ ಮೇಲೆ ಹಾಯುವಾಗ ನಾನು ಕಣ್ಣು ಮುಚ್ಚಿದ್ದೆ.

ಗೋಳಗುಮ್ಮಟದ ನೆತ್ತಿಯ ಮೇಲೆ ಸಂಜೆಯ ಬಿಸಿಲು ಇನ್ನೂ ಇರುವಾಗ ಆಸ್ಪತ್ರೆ ಮುಟ್ಟಿದೆವು. ಹೆಂಗಸು ಉಳಿದಳು.

ಮರುದಿನ ಕಾರು ಗುಂಡಿಯ ಮೇಲಿತ್ತು. ಮೇಸ್ತ್ರಿಗೆ ಡ್ರೈವರ್ ಎಲ್ಲವನ್ನೂ ಹೇಳಿ, ಬೆಂಕಿಯನ್ನು ಇನ್ನಷ್ಟು ದೊಡ್ಡದು ಮಾಡಿದ್ದ. ಮೇಸ್ತ್ರಿ ಎಲ್ಲರ ಎದುರಿಗೆ, "ಇನ್ನ ಮುಂದ ತಗಡಿಂದ ಮಾತ ಬಂದ್ರ ಈಕೀನ ಕೇಳ್ರಿ" ಎಂದ. ನಾನು ಕೆಳಗಿಳಿದೆ.

ಪೆಟ್ರೋಲಿನ ಪೈಪು ಒಂದು ಗೇಣು ಉದ್ದ ಚಪ್ಪಟೆಯಾಗಿತ್ತು. ನಡುವೆ ಸೂಜಿ ಹಾಯುವಷ್ಟು ದಾರಿ ಉಳಿದಿತ್ತೋ ಏನೋ. ಮಡಿಕೆ ಬಿದ್ದಲ್ಲಿ ತಾಮ್ರ ತೆಳುವಾಗಿ ಕೂದಲೆಳೆಯಂಥ ಗೆರೆ ಕಂಡಿತ್ತು. ಆ ಗೆರೆ ಬಿರಿದಿದ್ದರೆ ಪೆಟ್ರೋಲು ಸೋರುತ್ತಿದ್ದುದು ಹೊಗೆಯ ಪೈಪಿನ ಮೇಲೆ. ಹಿಂದಿನ ತಗಡು ಇದ್ದಿದ್ದರೆ ಆ ಕಲ್ಲು ತಗಡಿಗೆ ಬಡಿಯುತ್ತಿತ್ತು.

ಒಂದು ಮುದ್ದೆ ಎಣ್ಣೆಮಣ್ಣು ತೆಗೆದು ಅದರ ಮೇಲೆ ಮೆತ್ತಿದೆ. ಯಾರಿಗೂ ಕಾಣುವುದಿಲ್ಲ. ಆಮೇಲೆ ಮೆತ್ತಿದ್ದನ್ನು ಕೆರೆದು ತೆಗೆದೆ. ನಾನು ಆ ಕೆಲಸಕ್ಕೆ ಇದ್ದವಳು.

ಮೇಲೆ ಕೋಲಿನ ಸದ್ದಾಯಿತು. ಬಾಯಿಯವರು ಗುಂಡಿಯ ಅಂಚಿಗೆ ಬಂದು ಬಗ್ಗಿ ನಿಂತಿದ್ದರು.

"ಏನ ಬೇ, ಹಿಂದಿನ ತಗಡ ಹಂಗ ಬಿಡೂಣೇನು?"

"ಇಲ್ರೀ ಬಾಯಾರ. ಹಾಕಸ್ರಿ. ಕಡಲಿ ಹಾಯ್ದಾಗೊಮ್ಮೆ ನಿಲ್ಲಸಿ ಕೆರದ ತಗೀಬೇಕು. ಕೆರಿಲಿಕ್ಕ ಆಗಂಗಿಲ್ಲಂದ್ರ ಕಾರ ಮ್ಯಾಲ ಎತ್ತಸ್ರಿ."

"ನಿನ್ನೆ ಬ್ಯಾಡ ಅಂದಿ."

"ನಿನ್ನೆ ತಪ್ಪ ಹೇಳೇನ್ರಿ." ಪೈಪಿಗೆ ಬೆರಳು ಹಚ್ಚಿ ತೋರಿಸಿದೆ.

ಅವರು ಕೋಲು ನೆಲಕ್ಕಿಟ್ಟು, ಆಗದ ಕಾಲನ್ನು ಪಕ್ಕಕ್ಕೆ ಚಾಚಿ, ಕಷ್ಟಪಟ್ಟು ಕೆಳಗೆ ಕೂತರು. ಬಗ್ಗಿ ಬಹಳ ಹೊತ್ತು ನೋಡಿದರು.

"ನಾ ಇದರ ಮ್ಯಾಲೇ ಕುಂತಿದ್ನೆಲ್ಲ?" ಎಂದರು.

"ಹೌದ್ರಿ" ಎಂದೆ. "ನಿಮ್ಮ ಮಗ್ಗಲಕ್ಕ ನಾನೂ ಕುಂತಿದ್ದೆ."